ಕೊಟ್ಟಿಗೆಯ ತೊಟ್ಟಿ ಕರೆದರೆ ತೋಟದ ಮೋಟಾರು ಓಗೊಡಬೇಕು

ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ. ಮಧ್ಯಾಹ್ನ ಕೊಟ್ಟಿಗೆಯ ತೊಟ್ಟಿ ಒಣಗಿದರೆ ಹಾಲಿನ ಅಳತೆಯಲ್ಲಿ ಅದು ಕಾಣುತ್ತದೆ. ಮೋಟಾರು ತೋಟದ ಆಚೆ ತುದಿಯಲ್ಲಿದ್ದರೆ ಹಗಲು ರಾತ್ರಿ ಎನ್ನದೆ ಟಾರ್ಚ್ ಹಿಡಿದು ಓಡಬೇಕಾದವರು ಸಾಮಾನ್ಯವಾಗಿ ನಾವೇ.

ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬ್‌ನಲ್ಲಿ ಆರ್ಡುಯಿನೊ ಬೋರ್ಡ್ ಕಲಿತ ಮಕ್ಕಳು ಮನೆಯಲ್ಲಿದ್ದರೆ, ತೊಟ್ಟಿಯ ನೀರಿನ ಮಟ್ಟ ಅಳೆದು ಗಂಟೆ ಬಾರಿಸುವ ಪುಟ್ಟ ಯಂತ್ರವನ್ನು ಅವರು ಮಾಡಿರಬಹುದು. ಅದನ್ನು ಮೋಟಾರಿನವರೆಗೆ ಮುಟ್ಟಿಸಲು ತಂತಿ ಎಳೆದರೆ ಇಲಿ ಕಡಿಯುತ್ತದೆ, ಇಲ್ಲವೇ ನೇಗಿಲಿಗೆ ಸಿಗುತ್ತದೆ. ತಂತಿಯ ಬದಲು ರೇಡಿಯೋ ಬಳಸಬಹುದು. ಕೊಟ್ಟಿಗೆಯಲ್ಲೊಂದು ಬೋರ್ಡು, ಮೋಟಾರಿನ ಬಳಿ ಇನ್ನೊಂದು, ಎರಡಕ್ಕೂ ಒಂದೊಂದು ರೇಡಿಯೋ ಮಾಡ್ಯೂಲ್.

ನೂರು ಮೀಟರಿನೊಳಗೆ, ನಡುವೆ ಅಡ್ಡಿ ಇಲ್ಲದಿದ್ದರೆ, ಎನ್‌ಆರ್‌ಎಫ್24ಎಲ್01 ಎಂಬ ಅಗ್ಗದ ಮಾಡ್ಯೂಲ್ ಸಾಕಾಗಬಹುದು. ಅದಕ್ಕೆ 3.3 ವೋಲ್ಟ್ ಮಾತ್ರ ಕೊಡಬೇಕು. 5 ವೋಲ್ಟಿನ ಪಿನ್ನಿಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ವಿದ್ಯುತ್ ಪಿನ್ನುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಮಾತು ತಡವರಿಸುವುದು ಕಡಿಮೆಯಾಗುತ್ತದೆ. ದೂರ ಹೆಚ್ಚಿದ್ದರೆ, ನಡುವೆ ಕಬ್ಬು, ಅಡಿಕೆ ಇದ್ದರೆ ಲೋರಾ ಮಾಡ್ಯೂಲೇ ವಾಸಿ. ಕೊಳ್ಳುವಾಗ ನಮ್ಮ ದೇಶದಲ್ಲಿ ಪರವಾನಗಿ ಬೇಡದ 865–867 ಮೆಗಾಹರ್ಟ್ಸ್‌ನದ್ದನ್ನೇ ಕೇಳಿ.

ಈ ರೇಡಿಯೋಗಳು ಏಕಕಾಲಕ್ಕೆ ಮಾತಾಡಿ ಕೇಳಿಸಿಕೊಳ್ಳಲಾರವು. ಒಂದು ಮಾತಾಡಿ ಸುಮ್ಮನಾದ ಮೇಲೆ ಇನ್ನೊಂದು ಉತ್ತರಿಸಬೇಕು. ಎನ್‌ಆರ್‌ಎಫ್ ಮಾಡ್ಯೂಲಿನಲ್ಲಿ ಸಂದೇಶ ತಲುಪಿದ ಕೂಡಲೇ "ಹೂಂ" ಅನ್ನುವ ವ್ಯವಸ್ಥೆ ಒಳಗೇ ಇದೆ. ಉತ್ತರ ಬರದಿದ್ದರೆ ತಾನೇ 15 ಸಲದವರೆಗೆ ಮತ್ತೆ ಕರೆಯುವಂತೆ ಅದನ್ನು ಹೊಂದಿಸಬಹುದು.

ಆದರೆ ಆ "ಹೂಂ" ನಂಬಿ ಕೂರಬೇಡಿ. ಮಾತು ಕಿವಿಗೆ ಬಿತ್ತು ಅಂತಷ್ಟೇ ಅದರ ಅರ್ಥ. ಮೋಟಾರು ತಿರುಗಿತು ಅಂತಲ್ಲ. ಸೊಸೈಟಿಗೆ ಕ್ಯಾನ್ ಕಳಿಸಿದ್ದೇ ಬೇರೆ, ಅಳತೆಯ ಚೀಟಿ ಕೈಗೆ ಬರುವುದೇ ಬೇರೆ ಅಲ್ಲವೇ? ಮೋಟಾರಿನ ತಂತಿಗೆ ಕರೆಂಟ್ ಸೆನ್ಸರ್ ಹಾಕಿ, ಅದರ ಅಳತೆ ನೋಡಿದ ಮೇಲೆಯೇ "ಓಡುತ್ತಿದೆ" ಎಂಬ ಎರಡನೇ ಉತ್ತರ ಬರುವಂತೆ ಬರೆಸಿ. ಆಗ ಮಾತ್ರ ಕೊಟ್ಟಿಗೆಯ ಹಸಿರು ದೀಪ ಹೊತ್ತಲಿ.

ಬೋರ್‌ವೆಲ್ ಬತ್ತಿದ್ದರೂ ಮೋಟಾರು ತಿರುಗುತ್ತದೆ, ಸುಡುತ್ತದೆ. ಹಾಗಾಗಿ ನೀರು ಬರಲು ಸಾಮಾನ್ಯವಾಗಿ ಹಿಡಿಯುವ ಹೊತ್ತು ಕಳೆದರೂ ತೊಟ್ಟಿಯ ಮಟ್ಟ ಏರದಿದ್ದರೆ "ನಿಲ್ಲಿಸು" ಎಂಬ ಸಂದೇಶ ಹೋಗಬೇಕು. ಆ ಸಂದೇಶವೇ ತಲುಪದಿದ್ದರೆ? ಮೋಟಾರು ಓಡುವಷ್ಟು ಹೊತ್ತೂ ಕೊಟ್ಟಿಗೆಯ ಬೋರ್ಡು ಹತ್ತು ಸೆಕೆಂಡಿಗೊಮ್ಮೆ "ಇದ್ದೇನೆ" ಎನ್ನುತ್ತಿರಲಿ. ಒಂದು ನಿಮಿಷ ಆ ದನಿ ಕೇಳದಿದ್ದರೆ ಮೋಟಾರಿನ ಬೋರ್ಡು ತಾನಾಗಿ ಆಫ್ ಮಾಡಲಿ. ಮಕ್ಕಳು ಬೇಸರದಿಂದ ಬಿಟ್ಟುಬಿಡುವುದು ಈ ಎರಡು ಸಾಲುಗಳನ್ನೇ, ಕೇಳಿ ಬರೆಸಿ.

ಬೋರ್ಡಿನ ಕೆಲಸ ಮಕ್ಕಳದು, ಆದರೆ ಸ್ಟಾರ್ಟರ್ ಪೆಟ್ಟಿಗೆಗೆ ಅವರು ಕೈ ಹಾಕಬಾರದು. ಸೆನ್ಸರ್, ರಿಲೇ ಎರಡನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಜೋಡಿಸಲಿ. ಸ್ಟಾರ್ಟರಿನ ಹಳೆಯ ಗುಂಡಿಗಳನ್ನು ತೆಗೆಸಬೇಡಿ.