ಗಂಟೆ ಕೇಳಿಸದ ಒಂಬತ್ತನೆಯ ಮಹಡಿ

ತುಮಕೂರು ರಸ್ತೆಯಲ್ಲಿ ಪೀಣ್ಯವನ್ನು ದಾಟಿ ನೆಲಮಂಗಲದ ಕಡೆಗೆ ಸಾಗುವ ವಾಚಕರಿಗೆ ಮಾದನಾಯಕನಹಳ್ಳಿ ಅಪರಿಚಿತವಲ್ಲ. ಒಂದು ಕಾಲಕ್ಕೆ ರಾಗಿಯ ಹೊಲಗಳ ನಡುವೆ ತನ್ನಷ್ಟಕ್ಕೆ ತಾನಿದ್ದ ಈ ಊರಿನ ಸುತ್ತ ಈಗ ಗೋದಾಮುಗಳು, ಸಣ್ಣ ಕಾರ್ಖಾನೆಗಳು, ಲಾರಿ ನಿಲ್ದಾಣಗಳು ಮತ್ತು ಅವುಗಳ ಬೆನ್ನಿಗೆ ಎದ್ದು ನಿಂತ ಬಹುಮಹಡಿ ವಸತಿ ಕಟ್ಟಡಗಳು ಕಾಣಸಿಗುತ್ತವೆ. 2024ರ ನವೆಂಬರ್ 7ರಂದು ಮೆಟ್ರೊ ರೈಲು ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲಂತೂ ಇಲ್ಲಿ ಮನೆ ಕೊಳ್ಳುವವರ ಸಂಖ್ಯೆ ಹೆಚ್ಚಿದೆಯೆಂದು ಊರಿನವರು ಹೇಳುತ್ತಾರೆ. ಅವರಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಇವೆ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು, ಆಸ್ಪತ್ರೆಗಳ ದಾದಿಯರು, ಶಾಲಾ ಶಿಕ್ಷಕಿಯರು ಹೀಗೆ ಮಂಗಳೂರು, ಹಾಸನ, ಕೋಲಾರಗಳ ಕಡೆಯಿಂದ ಬಂದು ಇಪ್ಪತ್ತು ವರ್ಷಗಳ ಸಾಲದ ಮೇಲೆ ಒಂದೊಂದು ಫ್ಲ್ಯಾಟ್ ಕೊಂಡು ನೆಲೆನಿಂತವರು ಅವರು.

ಅಂತಹ ಒಂದು ಮನೆಗೆ ನಾವು ಕಳೆದ ಅಕ್ಟೋಬರ್ ತಿಂಗಳಲ್ಲಿ ಜಪಸರದ ಪ್ರಾರ್ಥನೆಗೆಂದು ಹೋಗಿದ್ದೆವು. ಒಂಬತ್ತನೆಯ ಮಹಡಿ. ಮನೆ ಚೊಕ್ಕಟವಾಗಿತ್ತು. ಗಾಳಿ ಬೆಳಕಿಗೆ ಕೊರತೆಯಿರಲಿಲ್ಲ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅಜ್ಜಿಯವರು ದಕ್ಷಿಣ ಕನ್ನಡದ ಹಳ್ಳಿಯೊಂದರಿಂದ ಮಗನ ಮನೆಗೆ ಬಂದು ಆಗ ಎಂಟು ತಿಂಗಳಾಗಿತ್ತು. "ಹೇಗಿದೆ ಅಜ್ಜಿ ಬೆಂಗಳೂರು?" ಎಂದು ಕೇಳಿದೆವು. "ಎಲ್ಲ ಉಂಟು. ಗಂಟೆ ಮಾತ್ರ ಕೇಳಿಸುವುದಿಲ್ಲ ನೋಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಯಾವುದು ಯಾವಾಗ ಎಂದು ಗೊತ್ತೇ ಆಗುವುದಿಲ್ಲ" ಎಂದರು. ತ್ರಿಕಾಲ ಪ್ರಾರ್ಥನೆಯ ಗಂಟೆಯನ್ನು ಕೇಳುತ್ತ ಎಪ್ಪತ್ತು ವರ್ಷ ಬಾಳಿದ ಜೀವಕ್ಕೆ ಆ ಸದ್ದಿಲ್ಲದ ಹಗಲು ಹಗಲೇ ಅಲ್ಲ. ಕೆಳಗೆ ಹೆದ್ದಾರಿಯ ಮೊರೆತವೊಂದೇ ಕೇಳುತ್ತಿತ್ತು.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಆಕಾಶಕ್ಕೆ ಏರಿದ ಮನೆಗಳ ಕಲ್ಪನೆ ನಮ್ಮ ಮಣ್ಣಿನದಲ್ಲ, ಯೂರೋಪಿನಿಂದ ಬಂದದ್ದು. ಅಲ್ಲಿನ ನಗರಗಳು ಈ ಬಗೆಯ ಬದುಕನ್ನು ನಮಗಿಂತ ಎಪ್ಪತ್ತು ವರ್ಷ ಮೊದಲೇ ಬಾಳಿ ನೋಡಿವೆ. ಅಲ್ಲಿನ ಗೆಲುವನ್ನೂ ಸೋಲನ್ನೂ ಬಲ್ಲವರಾದರೆ ನಮ್ಮ ಮಾದನಾಯಕನಹಳ್ಳಿಯವರಿಗೆ ಅನುಕೂಲವಾದೀತೆಂಬ ಆಸೆಯಿಂದ ಈ ಲೇಖನ.

1933ರಲ್ಲಿ ಐರೋಪ್ಯ ವಾಸ್ತುಶಿಲ್ಪಿಗಳ ಒಂದು ತಂಡ ಮಾರ್ಸೇಲಿನಿಂದ ಅಥೆನ್ಸಿಗೆ ಹಡಗಿನಲ್ಲಿ ಪಯಣಿಸುತ್ತ ಆಧುನಿಕ ನಗರ ಹೇಗಿರಬೇಕೆಂದು ಚರ್ಚಿಸಿತು. ವಾಸ, ದುಡಿಮೆ, ವಿರಾಮ, ಸಂಚಾರ ಎಂಬ ನಾಲ್ಕು ಕಾರ್ಯಗಳಾಗಿ ನಗರವನ್ನು ವಿಂಗಡಿಸಬೇಕೆಂಬುದು ಅವರ ನಿಲುವಾಗಿತ್ತು. ಕಾರ್ಖಾನೆಯ ಹೊಗೆಯಲ್ಲಿಯೇ ಮಕ್ಕಳನ್ನು ಹೆತ್ತು ಕ್ಷಯರೋಗಕ್ಕೆ ಬಲಿಯಾಗುತ್ತಿದ್ದ ಕಾರ್ಮಿಕರನ್ನು ಕಂಡವರ ಮಾತು ಅದು. ಆದುದರಿಂದ ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಆ ನಾಲ್ಕರ ಪಟ್ಟಿಯಲ್ಲಿ ಪ್ರಾರ್ಥನೆಗೆ ಎಡೆಯಿರಲಿಲ್ಲ, ನೆರೆಹೊರೆಯ ಮಾತುಕತೆಗೂ ಇರಲಿಲ್ಲ. ಪೀಣ್ಯದಂತಹ ಕೈಗಾರಿಕಾ ವಸಾಹತುಗಳ ಹಿಂದೆ ನಿಂತಿರುವುದು ಇದೇ ವಿಂಗಡಣೆಯ ತತ್ತ್ವ. ದುಡಿಮೆಗೊಂದು ಜಾಗ, ಮಲಗಲು ಇನ್ನೊಂದು ಜಾಗ, ನಡುವೆ ಲಾರಿಗಳು.

ಆ ತಂಡದ ಪ್ರಮುಖನಾಗಿದ್ದ ಲ ಕಾರ್ಬೂಸಿಯೆ ಯುದ್ಧಾನಂತರ ಮಾರ್ಸೇಲಿನಲ್ಲಿ ಕಟ್ಟಿದ ವಸತಿ ಕಟ್ಟಡ 1952ರಲ್ಲಿ ಪೂರ್ಣಗೊಂಡಿತು. 337 ಮನೆಗಳು, ನೆಲದಿಂದ ಎತ್ತರದಲ್ಲಿ ಕಂಬಗಳ ಮೇಲೆ ನಿಂತ ಒಂದೇ ಕಟ್ಟಡ. ಊರಿನವರು ಅದನ್ನು "ಹುಚ್ಚನ ಮನೆ" ಎಂದು ಗೇಲಿಮಾಡಿದರು. ಆದರೆ ಆ ಕಟ್ಟಡದ ನಡುಮಹಡಿಯಲ್ಲಿ ಅಂಗಡಿಗಳ ಒಂದು ಬೀದಿಯೇ ಇತ್ತು. ತಾರಸಿಯ ಮೇಲೆ ಶಿಶುವಿಹಾರವಿತ್ತು, ಮಕ್ಕಳು ನೀರಾಟವಾಡಲು ಸಣ್ಣದೊಂದು ಕೊಳವಿತ್ತು. ಅವನನ್ನು ಅನುಕರಿಸಿದವರು ಜಗತ್ತಿನಾದ್ಯಂತ ಕಾಂಕ್ರೀಟನ್ನು ತೆಗೆದುಕೊಂಡರು, ಬೀದಿಯನ್ನೂ ಶಿಶುವಿಹಾರವನ್ನೂ ಬಿಟ್ಟರು. ಖರ್ಚು ಉಳಿಯಿತಲ್ಲ! ನಮ್ಮ ಹೆದ್ದಾರಿಯ ಬದಿಯ ಕಟ್ಟಡಗಳಲ್ಲಿ ಹಲವನ್ನು ನೋಡಿದಾಗ ಈ ಮಾತು ಇಲ್ಲಿಗೂ ಸಲ್ಲುವುದೆಂದು ಹೇಳದೆ ವಿಧಿಯಿಲ್ಲ.

ಖರ್ಚು ಉಳಿಸುವುದರಲ್ಲಿ ಇನ್ನೂ ಘೋರವಾದುದೊಂದಿದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಮಹಡಿಗಳ ವಸತಿ ಕಟ್ಟಡಕ್ಕೆ ನವೀಕರಣದ ಹೆಸರಿನಲ್ಲಿ ಹೊರಗಿನಿಂದ ಬೇಗನೆ ಉರಿಯುವಂತಹ ಹೊದಿಕೆಯನ್ನು ತೊಡಿಸಿದ್ದರು. 2017ರ ಜೂನ್ 14ರ ರಾತ್ರಿ ಹೊತ್ತಿದ ಬೆಂಕಿಯಲ್ಲಿ 72 ಮಂದಿ ಮಡಿದರು. ಇಳಿದು ಬರಲು ಇದ್ದುದು ಒಂದೇ ಮೆಟ್ಟಿಲ ದಾರಿ. ಅಪಾಯವಿದೆಯೆಂದು ನಿವಾಸಿಗಳು ಮೊದಲೇ ಹೇಳಿದ್ದರು, ಕೇಳಿದವರಿಲ್ಲ. ಆ ಸಾವುಗಳೆಲ್ಲವನ್ನೂ ತಪ್ಪಿಸಬಹುದಾಗಿತ್ತೆಂದು 2024ರಲ್ಲಿ ಹೊರಬಂದ ವಿಚಾರಣೆಯ ಅಂತಿಮ ವರದಿ ಹೇಳಿತು. ಫ್ಲ್ಯಾಟ್ ನೋಡಲು ಹೋಗುವ ನಮ್ಮ ಕುಟುಂಬಗಳು ಅಡುಗೆಮನೆಯ ಗ್ರಾನೈಟಿನ ಬಣ್ಣವನ್ನು ಕೇಳುವಷ್ಟೇ ಆಸ್ಥೆಯಿಂದ ಎರಡನೆಯ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗ ಹಾಕಿದೆಯೇ ಎಂದು ಕೇಳಲಿ.

ಇನ್ನು ನಮ್ಮ ಮನಸ್ಸಿಗೆ ಬಹಳ ಹತ್ತಿರವಾದ ಒಂದು ಊರಿನ ವೃತ್ತಾಂತ. ಪೋಲೆಂಡಿನ ಕ್ರಾಕೋವ್ ನಗರದ ಮಗ್ಗುಲಿನಲ್ಲಿ ನೋವಾ ಹೂಟಾ ಎಂಬ ಊರಿದೆ. "ಹೊಸ ಉಕ್ಕಿನ ಕಾರ್ಖಾನೆ" ಎಂದೇ ಆ ಹೆಸರಿನ ಅರ್ಥ. 1949ರಲ್ಲಿ ಅಂದಿನ ಕಮ್ಯುನಿಸ್ಟ್ ಸರಕಾರ ಹಳ್ಳಿಗಳ ಹೊಲಗಳನ್ನು ವಶಪಡಿಸಿಕೊಂಡು ಅಲ್ಲಿ ಕಾರ್ಮಿಕರಿಗಾಗಿ ಒಂದು ಮಾದರಿ ನಗರವನ್ನು ಕಟ್ಟತೊಡಗಿತು. ವಿಶಾಲವಾದ ಬೀದಿಗಳು, ಸಾಲುಮರಗಳು, ಶಾಲೆ, ರಂಗಮಂದಿರ ಎಲ್ಲವೂ ಯೋಜನೆಯಲ್ಲಿದ್ದವು. ಇಲ್ಲದಿದ್ದುದು ದೇವಾಲಯವೊಂದೇ. ಅದು ಮರೆವಲ್ಲ, ಉದ್ದೇಶ. ಹಳ್ಳಿಗಳಿಂದ ಬಂದ ಕಾರ್ಮಿಕರು ಕಾರ್ಖಾನೆಯ ಸೈರನ್ನಿಗೆ ಎದ್ದು ಕಾರ್ಖಾನೆಯ ಸೈರನ್ನಿಗೆ ಮಲಗಿದರೆ ಗಂಟೆಯನ್ನು ತಾವಾಗಿಯೇ ಮರೆಯುತ್ತಾರೆಂದು ಯೋಜಕರು ಭಾವಿಸಿದ್ದರು.

ಜನ ಮರೆಯಲಿಲ್ಲ. ಒತ್ತಡಕ್ಕೆ ಮಣಿದು ಸರಕಾರ ದೇವಾಲಯಕ್ಕೆಂದು ಒಂದು ನಿವೇಶನವನ್ನು ತೋರಿಸಿತು, ಅಲ್ಲಿ ಒಂದು ಮರದ ಶಿಲುಬೆ ನಿಂತಿತು. ಬಳಿಕ ಮನಸ್ಸು ಬದಲಿಸಿ 1960ರ ಏಪ್ರಿಲ್ 27ರಂದು ಶಿಲುಬೆಯನ್ನು ಕೀಳಲು ಆಳುಗಳನ್ನು ಕಳುಹಿಸಿತು. ಮೊದಲು ಅಡ್ಡಬಂದವರು ಸುತ್ತಲಿನ ಮನೆಗಳ ಹೆಂಗಸರು. ಸಂಜೆಯ ಹೊತ್ತಿಗೆ ಪಾಳಿ ಮುಗಿಸಿದ ಕಾರ್ಮಿಕರೂ ಸೇರಿದರು. ಪೊಲೀಸರೊಡನೆ ರಾತ್ರಿಯವರೆಗೂ ಘರ್ಷಣೆ ನಡೆಯಿತು, ಅನೇಕರು ಸೆರೆಯಾದರು. ಶಿಲುಬೆ ಮಾತ್ರ ಉಳಿಯಿತು. ಕ್ರಾಕೋವಿನ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಕರೋಲ್ ವೊಯ್ತಿವಾ, ಮುಂದೆ ಎರಡನೆಯ ಜಾನ್ ಪೌಲ್ ಜಗದ್ಗುರುಗಳಾದವರು, ಅಲ್ಲಿ ಬಯಲಿನಲ್ಲಿಯೇ, ಹಿಮದ ನಡುವೆ, ಕ್ರಿಸ್ಮಸ್ ನಡುರಾತ್ರಿಯ ಬಲಿಪೂಜೆ ಅರ್ಪಿಸುತ್ತಿದ್ದರು. ಕಟ್ಟಲು ಅನುಮತಿ ದೊರೆತದ್ದು 1967ರಲ್ಲಿ. ಯಂತ್ರಗಳನ್ನಾಗಲಿ ಸಾಮಗ್ರಿಯನ್ನಾಗಲಿ ಸರಕಾರ ಸುಲಭವಾಗಿ ಒದಗಿಸಲಿಲ್ಲ. ಜನ ದುಡಿಮೆಯ ವೇಳೆ ಮುಗಿದ ಮೇಲೆ ಬಂದು ಹತ್ತು ವರ್ಷ ಕಟ್ಟಿದರು. ಗೋಡೆಗಳ ಮೈಗೆ ಹೊದಿಸಿದ್ದು ನದಿಗಳ ನುಣುಪಾದ ಉರುಟು ಕಲ್ಲುಗಳನ್ನು, ಅವುಗಳ ಸಂಖ್ಯೆ ಇಪ್ಪತ್ತು ಲಕ್ಷದಷ್ಟೆನ್ನುತ್ತಾರೆ. 1977ರ ಮೇ 15ರಂದು ಕಾರ್ಡಿನಲ್ ವೊಯ್ತಿವಾ ಅವರೇ ಅದನ್ನು ಅಭಿಷೇಕಿಸಿದರು.

"ಪ್ರಭುವಿನ ನಾವೆ" ಎಂದು ಕರೆಯಲಾಗುವ ಆ ದೇವಾಲಯಕ್ಕೆ ಗಾಥಿಕ್ ಕಮಾನುಗಳಿಲ್ಲ. ಬಾಗಿದ ಗೋಡೆಗಳ ದೊಡ್ಡ ಹಡಗಿನಂತೆ, ಹಾಯಿಕಂಬದಂತಹ ಶಿಖರದೊಡನೆ ಅದು ಕಾಣುತ್ತದೆ. ಅದನ್ನು ರೂಪಿಸಿದ ವಾಸ್ತುಶಿಲ್ಪಿ ವೊಯ್ಚೆಕ್ ಪಿಯೆತ್ಶಿಕ್ ಮೇಲೆ ಲ ಕಾರ್ಬೂಸಿಯೆ ಫ್ರಾನ್ಸಿನ ರೋನ್‌ಶಾನ್ ಬೆಟ್ಟದ ಮೇಲೆ 1955ರಲ್ಲಿ ಕಟ್ಟಿದ ಪ್ರಾರ್ಥನಾಲಯದ ಪ್ರಭಾವವಿತ್ತು. ಅಂದರೆ ನಗರದಿಂದ ದೇವರನ್ನು ಹೊರಗಿಡಲು ಬಳಕೆಯಾದ ಅದೇ ಆಧುನಿಕ ವಾಸ್ತುಶಿಲ್ಪವೇ ದೇವರಿಗೆ ಮನೆ ಕಟ್ಟಲೂ ಒದಗಿತು. ಕಾಂಕ್ರೀಟಿಗೆ ಯಾವ ಪಕ್ಷವೂ ಇಲ್ಲ.

ಈ ಮಾತನ್ನು ನಮ್ಮ ದೇವಾಲಯ ನಿರ್ಮಾಣ ಸಮಿತಿಗಳ ಹಿರಿಯರಿಗೆ ಸ್ವಲ್ಪ ಸಲುಗೆಯಿಂದಲೇ ಹೇಳುತ್ತಿದ್ದೇವೆ. ಹೊಸ ದೇವಾಲಯವೆಂದರೆ ಚೂಪುಕಮಾನು, ಎರಡು ಗೋಪುರ, ಬಣ್ಣದ ಗಾಜು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯವನ್ನು ಕಂಡು ಯಾರಿಗೆ ತಾನೆ ಹೆಮ್ಮೆಯೆನಿಸದು? 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲನ್ನಿಟ್ಟರು. 175 ಅಡಿಗಳ ಅದರ ಜೋಡಿ ಗೋಪುರಗಳಿಗೆ ಜರ್ಮನಿಯ ಕಲೋನ್ ಪ್ರಧಾನಾಲಯವೇ ಸ್ಫೂರ್ತಿ. ಆದರೆ ಆ ಕಲೋನಿನಲ್ಲಿಯೇ ಏನಾಯಿತೆಂಬುದನ್ನು ನೋಡಿ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಂತ ಕೊಲುಂಬಾ ಎಂಬ ಹಳೆಯ ಧರ್ಮಕೇಂದ್ರದ ದೇವಾಲಯ ನೆಲಸಮವಾಯಿತು. ಹಾಳು ಗೋಡೆಗಳ ನಡುವೆ ಮಾತೆ ಮರಿಯಮ್ಮನವರ ಒಂದು ಪ್ರತಿಮೆ ನಿಂತೇ ಇತ್ತು. ಯುವ ವಾಸ್ತುಶಿಲ್ಪಿ ಗಾಟ್‌ಫ್ರೀಡ್ ಬೋಮ್ ಹಳೆಯದನ್ನು ಮತ್ತೆ ಹಾಗೆಯೇ ಕಟ್ಟಹೋಗದೆ, ಆ ಪ್ರತಿಮೆಯ ಸುತ್ತ ಡೇರೆಯಂತಹ ಒಂದು ಪುಟ್ಟ ಪ್ರಾರ್ಥನಾಲಯವನ್ನು 1950ರಲ್ಲಿ ಮುಗಿಸಿದರು. ನಾವು ನೋಡಿ ನಕಲು ಮಾಡಿದ ಊರೇ ನಕಲನ್ನು ಬಿಟ್ಟಿತು.

ಯೂರೋಪಿನಿಂದ ಬಂದು ನಮ್ಮ ನೆಲದಲ್ಲಿ ಕಟ್ಟಿದವರೂ ಇದ್ದಾರೆ. ತುಮಕೂರು ರಸ್ತೆ ಆರಂಭವಾಗುವ ಯಶವಂತಪುರದ ಮಗ್ಗುಲಿನಲ್ಲಿಯೇ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಓಟೋ ಕ್ಯೋನಿಗ್ಸ್‌ಬರ್ಗರ್ ರೂಪಿಸಿದ ಕಟ್ಟಡಗಳಿವೆ. ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ಇವರು ಯೆಹೂದ್ಯ ಮೂಲದವರೆಂಬ ಕಾರಣಕ್ಕೆ ಹಿಟ್ಲರನ ಆಡಳಿತದಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲಕಾಲವಿದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಸರಕಾರಿ ವಾಸ್ತುಶಿಲ್ಪಿಯಾಗಿ ಬಂದರು. ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಕಾಲವದು. ಬರ್ಲಿನ್ನಿನ ಪಾಠವನ್ನು ಅವರು ಇಲ್ಲಿನ ಬಿಸಿಲಿಗೆ ತಕ್ಕಂತೆ ತಿದ್ದಿಕೊಂಡರು. ಆಳವಾದ ಸಜ್ಜಾ, ಅಡ್ಡಗಾಳಿ ಹಾಯುವ ಕಿಟಕಿಗಳು, ನೆರಳಿನ ಪಡಸಾಲೆ ಇವೆಲ್ಲ ಅವರಿಗೆ ಅಲಂಕಾರವಾಗಿರಲಿಲ್ಲ, ಲೆಕ್ಕಾಚಾರವಾಗಿದ್ದವು. 1948ರಲ್ಲಿ ಭುವನೇಶ್ವರದ ಯೋಜನೆಯನ್ನು ತಯಾರಿಸುವಾಗ ಶಾಲೆಯೂ ಅಂಗಡಿಯೂ ಮಗುವಿನ ಕಾಲ್ನಡಿಗೆಯ ದೂರದಲ್ಲಿರುವಂತೆ ಊರನ್ನು ಸಣ್ಣ ಸಣ್ಣ ನೆರೆಹೊರೆಗಳಾಗಿ ಹಂಚಿದರು. ಮುಂದೆ ಲಂಡನ್ನಿನಲ್ಲಿ ನೆಲೆಸಿ ಉಷ್ಣವಲಯದ ಮನೆಗಳ ಬಗ್ಗೆ ಅವರೂ ಸಂಗಡಿಗರೂ ಬರೆದ ಪುಸ್ತಕ ಇಂದಿಗೂ ವಾಸ್ತುಶಿಲ್ಪದ ವಿದ್ಯಾರ್ಥಿಗಳ ಕೈಯಲ್ಲಿದೆ. ಪ್ಯಾರಿಸಿನಲ್ಲಿ ಲ ಕಾರ್ಬೂಸಿಯೆಯ ಬಳಿ ದುಡಿದು ಬಂದ ಬಿ.ವಿ. ದೋಶಿಯವರು ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ನಮ್ಮ ಕಲ್ಲಿನಿಂದಲೇ ಕಟ್ಟಿದ ಉದ್ದುದ್ದ ನೆರಳುದಾರಿಗಳೂ ಇದೇ ಜಾಡಿನವು. ಇವೆಲ್ಲ ಊರಲ್ಲಿಯೇ ಇರಲು, ಬಿಸಿಲಿಗೆ ಮೈಯೊಡ್ಡಿದ ಗಾಜಿನ ಪೆಟ್ಟಿಗೆಗಳನ್ನು ಕಟ್ಟಿ, ಒಳಗಿನ ಧಗೆಗೆ ಯಂತ್ರದಿಂದ ತಂಪೂಡಿ, ಇದನ್ನೇ ಯೂರೋಪಿನ ಮಾದರಿ ಎಂದುಕೊಳ್ಳುವವರನ್ನು ಕಂಡರೆ ನಗುವುದೋ ಅಳುವುದೋ ತಿಳಿಯದು.

ನಗರವೆಂದರೆ ಕಟ್ಟಡಗಳಷ್ಟೇ ಅಲ್ಲವಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರ 1962ರಲ್ಲಿ ತನ್ನ ಮುಖ್ಯ ಬೀದಿಗೆ ಕಾರುಗಳು ಬಾರದಂತೆ ಮಾಡಿದಾಗ ವ್ಯಾಪಾರವೇ ನಿಂತುಹೋಗುವುದೆಂದು ಅಂಗಡಿಯವರು ಗೋಳಿಟ್ಟರು. ನಾವು ಇಟಲಿಯವರಂತೆ ಬೀದಿಯಲ್ಲಿ ಕುಳಿತು ಹರಟುವ ಜನವಲ್ಲವೆಂದು ಡೇನರು ವಾದಿಸಿದರು. ಕೂರಲು ಜಾಗ ಮಾಡಿಕೊಟ್ಟ ಮೇಲೆ ಕುಳಿತರು, ಹರಟಿದರು. ಕಟ್ಟಡಗಳ ನಡುವಣ ಬಯಲಿನಲ್ಲಿಯೇ ಊರಿನ ಜೀವವಿದೆಯೆಂದು ಅಲ್ಲಿನ ಯಾನ್ ಗೇಲ್ 1971ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಹಳ್ಳಿಗಳ ಅರಳಿಕಟ್ಟೆಗೆ ಪುಸ್ತಕ ಬೇಕಾಗಿರಲಿಲ್ಲ.

ಹಾಗೆಂದು ಯೂರೋಪನ್ನು ಸ್ವರ್ಗವೆಂದು ಚಿತ್ರಿಸುವ ಹಂಬಲ ನಮಗಿಲ್ಲ. ಕೂರಲು ಬೆಂಚುಗಳಿರುವ ಆ ನಗರಗಳಲ್ಲಿ ಎಷ್ಟೋ ದೇವಾಲಯಗಳು ಬರಿದಾಗಿವೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟಿನಲ್ಲಿ ದೊಮಿನಿಕನ್ ಸಭೆಯವರ ಪುರಾತನ ದೇವಾಲಯ 2006ರಿಂದ ಪುಸ್ತಕದಂಗಡಿಯಾಗಿದೆ. ಸುಂದರವಾದ ಅಂಗಡಿಯೇ ಸರಿ. ಅಲ್ಲಿ ಕಟ್ಟಡವಿದೆ, ಜನರಿಲ್ಲ. ಇಲ್ಲಿ ಜನರಿದ್ದಾರೆ, ಕೂಡಲು ಎಡೆಯಿಲ್ಲ.

ಎಡೆಯ ಮಾತು ಬಂದುದರಿಂದ ಮತ್ತೆ ಆ ಅಜ್ಜಿಯವರ ಮನೆಗೇ ಮರಳುತ್ತೇವೆ. ಅಕ್ಟೋಬರ್ ತಿಂಗಳಿಡೀ ಆ ಕಟ್ಟಡದ ನಾಲ್ಕೈದು ಕಥೋಲಿಕ ಮನೆಗಳವರು ಸಂಜೆ ಏಳಕ್ಕೆ ಕೆಳಗಿನ ವಾಹನ ನಿಲುಗಡೆಯ ಜಾಗದಲ್ಲಿ, ಎರಡು ಕಾರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಜಪಸರ ಹೇಳಿದರಂತೆ. ಮೂರನೆಯ ದಿನಕ್ಕೆ ನೆರೆಯ ಹಿಂದೂ ಮನೆಯ ಇಬ್ಬರು ಹಿರಿಯರೂ ಬಂದು ಕುಳಿತರು. ಪ್ರಾರ್ಥನೆಗೆ ಅಲ್ಲ, ಅದು ಮುಗಿದ ಮೇಲಿನ ಮಾತಿಗೆ. ಅವರೂ ದಿನವಿಡೀ ಬಾಲ್ಕನಿಯಲ್ಲಿರುವವರೇ. ಕಟ್ಟಡದ ಹಿಂಬದಿಯಲ್ಲಿ ಮೂವತ್ತು-ನಲವತ್ತು ಅಡಿಗಳ ಒಂದು ಖಾಲಿ ತುಂಡು ನೆಲವಿದೆ, ಅಂಚಿನಲ್ಲಿ ಹಳೆಯ ತೋಟದಿಂದ ಉಳಿದ ಒಂದು ಹೊಂಗೆಮರ. ಅದನ್ನು ಅತಿಥಿಗಳ ಕಾರುಗಳಿಗೆ ಬಿಡಬೇಕೆಂದು ಅಸೋಸಿಯೇಷನ್ನಿನ ಕೆಲವರು, ಮರದ ಕೆಳಗೆ ಕಲ್ಲಿನ ಕಟ್ಟೆ ಹಾಕಿಸಬೇಕೆಂದು ಇನ್ನು ಕೆಲವರು. ಎರಡನೆಯ ಪಕ್ಷಕ್ಕೆ ಅಜ್ಜಿಯವರ ಸೊಸೆಯೇ ಮುಂದಾಳು. ಸಹಿ ಹಾಕಿದವರಲ್ಲಿ ಎಲ್ಲ ಮತದವರೂ ಇದ್ದಾರೆಂದು ಕಾಗದವನ್ನು ತಂದು ತೋರಿಸಿದರು. ನಾವು ಎಣಿಸಿದಾಗ ಹತ್ತೊಂಬತ್ತು ಸಹಿಗಳಿದ್ದವು, ಬೇಕಾದುದು ಮೂವತ್ತೆರಡು.

ಸಭೆ ಬರುವ ತಿಂಗಳ ಎರಡನೆಯ ಭಾನುವಾರ ಹತ್ತೂವರೆಗೆ ಇದೆ. ಎಂಟರ ಪೂಜೆ ಮುಗಿಸಿಕೊಂಡು ನೇರವಾಗಿ ಬನ್ನಿ, ಇಡ್ಲಿ ಮಾಡಿಟ್ಟಿರುತ್ತೇನೆ ಎಂದು ಆ ಸೊಸೆ ನಮ್ಮನ್ನೂ ಕರೆದಿದ್ದಾರೆ.