ಎಂಜಿನ್ ನಿಯಂತ್ರಣ ಘಟಕದ ಸದ್ದುಗಳ ಪತ್ತೆ

ಕಾರಿನ ಎಂಜಿನ್ ನಿಯಂತ್ರಣ ಘಟಕದಿಂದ ಅಥವಾ ಅದರ ಆಸುಪಾಸಿನಿಂದ ಕೇಳಿಬರುವ ಅಸಹಜ ಸದ್ದುಗಳ ಮೂಲವನ್ನು ಗುರುತಿಸುವುದು ವಾಹನ ದುರಸ್ತಿಯ ಒಂದು ಭಾಗವಾಗಿದೆ. ಇಸಿಯು ಎಂಬ ಹ್ರಸ್ವನಾಮದಿಂದ ಪರಿಚಿತವಾದ ಈ ಘಟಕವು ಸಂವೇದಕಗಳ ಮಾಹಿತಿಯನ್ನು ಆಧರಿಸಿ ಇಂಧನದ ಪ್ರಮಾಣ, ಕಿಡಿ ಹಾರಬೇಕಾದ ಕ್ಷಣ ಮುಂತಾದವನ್ನು ನಿರ್ಧರಿಸುವ ಗಣಕವಾಗಿದೆ. ಇದರೊಳಗೆ ಚಲಿಸುವ ಭಾಗಗಳು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಘಟಕದ್ದೆಂದು ತೋರುವ ಸದ್ದು ಹೆಚ್ಚಿನ ಸಂದರ್ಭಗಳಲ್ಲಿ ಅದರ ಪಕ್ಕದ ರಿಲೇ, ವಾಲ್ವ್ ಅಥವಾ ಮೋಟಾರಿನದ್ದಾಗಿರುತ್ತದೆ.

ಹಿನ್ನೆಲೆ

ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಇಂಧನ ವ್ಯವಸ್ಥೆಯು 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಳಕೆಗೆ ಬಂದಿತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಅಳವಡಿಸಲಾದ ಮೋಟ್ರಾನಿಕ್ ವ್ಯವಸ್ಥೆಯು ಇಂಧನ ಮತ್ತು ದಹನಗಳೆರಡರ ನಿಯಂತ್ರಣವನ್ನು ಒಂದೇ ಡಿಜಿಟಲ್ ಘಟಕಕ್ಕೆ ವಹಿಸಿತು.

ಸಹಜ ಸದ್ದುಗಳು

ಕೀಲಿ ತಿರುಗಿಸಿದ ಕೂಡಲೇ ಮುಖ್ಯ ರಿಲೇ ಒಮ್ಮೆ 'ಟಕ್' ಎನ್ನುತ್ತದೆ. ಅನೇಕ ಕಾರುಗಳಲ್ಲಿ ಇಂಧನ ಪಂಪು ಸುಮಾರು 2 ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುತ್ತದೆ. ವಿದ್ಯುನ್ಮಾನ ಥ್ರಾಟಲ್‌ನ ಮೋಟಾರಿಗೆ ವಿದ್ಯುತ್ತನ್ನು ಮಿಡಿತಗಳ ರೂಪದಲ್ಲಿ ಕೊಡಲಾಗುವುದರಿಂದ ಎಂಜಿನ್ ಚಾಲೂ ಆಗುವ ಮೊದಲು ಸಣ್ಣ ಕೀರಲು ದನಿ ಕೇಳಿಸಬಹುದು. ಎಂಜಿನ್ ಓಡುವಾಗ ಇಂಜೆಕ್ಟರುಗಳೂ, ಇಂಧನ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವೂ ಟಿಕ್‌ಟಿಕ್ ಎನ್ನುತ್ತವೆ. ಎಂಜಿನ್ ನಿಲ್ಲಿಸಿದ ಮೇಲೆ ಘಟಕವು ದತ್ತಾಂಶವನ್ನು ಉಳಿಸಿಕೊಳ್ಳಲು ಕೆಲವು ಸೆಕೆಂಡು ಎಚ್ಚರವಾಗಿದ್ದು, ಬಳಿಕ ರಿಲೇಯನ್ನು ಬಿಡಿಸುತ್ತದೆ. ತಡವಾಗಿ ಕೇಳುವ ಆ 'ಟಕ್' ದೋಷವಲ್ಲ. ಕೆಲವು ಬಿಎಂಡಬ್ಲ್ಯು ಮಾದರಿಗಳಲ್ಲಿ ಘಟಕವಿರುವ ಪೆಟ್ಟಿಗೆಯನ್ನು ತಂಪಾಗಿಡಲು ಪುಟ್ಟ ಫ್ಯಾನ್ ಇದ್ದು, ಅದರ ಬೇರಿಂಗ್ ಸವೆದಾಗಲೂ ಸದ್ದು ಬರುತ್ತದೆ.

ದೋಷಸೂಚಕ ಸದ್ದುಗಳು

ರಿಲೇ ಎಡೆಬಿಡದೆ ಪಟಪಟನೆ ಬಡಿದುಕೊಳ್ಳುವುದು ಮುಖ್ಯವಾದ ದೋಷಸೂಚನೆಯಾಗಿದೆ. ಬ್ಯಾಟರಿ ದುರ್ಬಲವಾಗಿದ್ದರೆ ಅಥವಾ ಟರ್ಮಿನಲ್ ಕಿಲುಬು ಹಿಡಿದಿದ್ದರೆ, ರಿಲೇ ಸೇರಿದೊಡನೆ ಹೊರೆ ಬಿದ್ದು ವೋಲ್ಟೇಜ್ ಕುಸಿಯುತ್ತದೆ. ಸುರುಳಿಯ ಕಾಂತಬಲ ಸಾಲದೆ ರಿಲೇ ಬಿಟ್ಟುಕೊಳ್ಳುತ್ತದೆ. ಹೊರೆ ಇಳಿದು ವೋಲ್ಟೇಜ್ ಚೇತರಿಸಿದಾಗ ಮತ್ತೆ ಸೇರುತ್ತದೆ. ಸಡಿಲವಾದ ಅರ್ತ್ ತಂತಿಯೂ ಕನೆಕ್ಟರಿಗೆ ಇಳಿದ ನೀರೂ ಇದೇ ಪರಿಣಾಮವನ್ನು ಉಂಟುಮಾಡುತ್ತವೆ. ಕಾರು ಚಲಿಸುತ್ತಿರುವಾಗ ಮುಖ್ಯ ರಿಲೇ ಹೀಗೆ ಬಿಟ್ಟುಕೊಂಡರೆ ಎಂಜಿನ್ ನಡುರಸ್ತೆಯಲ್ಲೇ ನಿಲ್ಲುವ ಅಪಾಯವಿದೆ.

ಘಟಕದ ಒಳಗಿನಿಂದಲೇ ಬರುವ ಸದ್ದು ವಿರಳ. ವೋಲ್ಟೇಜ್ ಪರಿವರ್ತಿಸುವ ಇಂಡಕ್ಟರುಗಳ ಸುರುಳಿ ಕಂಪಿಸಿ ಸಣ್ಣ ಝೇಂಕಾರ ಹೊರಡಬಹುದು. 1990ರ ದಶಕದ ಆರಂಭದ ಕೆಲವು ಮಿತ್ಸುಬಿಷಿ ಕಾರುಗಳ ಘಟಕಗಳಲ್ಲಿ ಕೆಪಾಸಿಟರುಗಳಿಂದ ದ್ರವ ಸೋರಿ ಸರ್ಕ್ಯೂಟ್ ಹಲಗೆಯ ತಾಮ್ರದ ಗೆರೆಗಳನ್ನು ತಿಂದುಹಾಕುವುದು ಪರಿಚಿತ ದೋಷ. ಇಂತಹ ಘಟಕವು ನಿಯಂತ್ರಣ ತಪ್ಪಿ ರಿಲೇಗಳನ್ನು ಮನಬಂದಂತೆ ಸೇರಿಸಿ ಬಿಡಿಸಬಹುದು.

ಪತ್ತೆಯ ಕ್ರಮ

ಮೊದಲು ಸದ್ದು ಕೇಳುವ ಸಂದರ್ಭವನ್ನು ಗುರುತಿಸಬೇಕು: ಕೀಲಿ ತಿರುಗಿಸಿದಾಗಲೇ, ಸ್ಟಾರ್ಟ್ ಮಾಡುವಾಗಲೇ, ಓಡುವಾಗಲೇ, ನಿಲ್ಲಿಸಿದ ಮೇಲೆಯೇ ಎಂಬುದರಿಂದ ಸಂಭವನೀಯ ಮೂಲಗಳು ಕಡಿಮೆಯಾಗುತ್ತವೆ. ಎಂಜಿನ್ ನಿಂತಿರುವಾಗ ರಿಲೇಗಳ ಮೇಲೆ ಬೆರಳಿಟ್ಟು ನೋಡಿದರೆ ಬಡಿಯುತ್ತಿರುವುದು ಯಾವುದೆಂದು ತಿಳಿಯುತ್ತದೆ. ಇತರ ಭಾಗಗಳಿಗೆ ಮೆಕ್ಯಾನಿಕ್ ಬಳಸುವ ಸ್ಟೆತೋಸ್ಕೋಪ್ ಉಪಯುಕ್ತ.

ಬಳಿಕ ವೋಲ್ಟೇಜ್ ಅಳೆಯಲಾಗುತ್ತದೆ. ಪೂರ್ಣ ಚಾರ್ಜ್ ಆದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರುತ್ತದೆ. ಬ್ಯಾಟರಿ ಸರಿಯಿದ್ದರೆ ಅರ್ತ್ ತಂತಿ ಮತ್ತು ಕನೆಕ್ಟರುಗಳನ್ನು ಪರೀಕ್ಷಿಸಿ, ಶಂಕಿತ ರಿಲೇಯ ಜಾಗದಲ್ಲಿ ಅದೇ ಸಂಖ್ಯೆಯ ಇನ್ನೊಂದನ್ನು ಇಟ್ಟು ನೋಡಬಹುದು.

ಸ್ಕ್ಯಾನರ್ ತೋರಿಸುವ ಸಂಕೇತಗಳೂ ದಾರಿ ತೋರುತ್ತವೆ. ಪಿ0562 ವೋಲ್ಟೇಜ್ ಕೊರತೆಯನ್ನೂ, ಪಿ0685 ಮುಖ್ಯ ರಿಲೇಯ ನಿಯಂತ್ರಣ ಸರ್ಕ್ಯೂಟಿನ ದೋಷವನ್ನೂ, ಪಿ0606 ಘಟಕದ ಸಂಸ್ಕಾರಕದ ದೋಷವನ್ನೂ ಸೂಚಿಸುತ್ತವೆ.

ಎಚ್ಚರಿಕೆಗಳು

ವಿದ್ಯುತ್ ಪೂರೈಕೆ, ಅರ್ತ್ ಮತ್ತು ರಿಲೇಗಳು ಸರಿಯಿವೆಯೆಂದು ಖಚಿತವಾಗುವವರೆಗೆ ಘಟಕವನ್ನು ಬದಲಾಯಿಸುವುದು ಸೂಕ್ತವಲ್ಲ. ಹೊಸ ಘಟಕವು ದುಬಾರಿ. ಅನೇಕ ಕಾರುಗಳಲ್ಲಿ ಅದನ್ನು ಕಳ್ಳತನ ತಡೆಯುವ ಇಮ್ಮೊಬಿಲೈಸರ್‌ನೊಂದಿಗೆ ಹೊಂದಿಸದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಮೂಲದೋಷ ತಂತಿಯಲ್ಲೇ ಉಳಿದಿದ್ದರೆ ಹೊಸ ಘಟಕವೂ ಹಾಳಾಗಬಹುದು. ಕನೆಕ್ಟರ್ ಬಿಚ್ಚುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್ನುಗಳ ಇಂಜೆಕ್ಟರ್ ತಂತಿಗಳಲ್ಲಿ ಬ್ಯಾಟರಿಗಿಂತ ಬಹಳ ಹೆಚ್ಚಿನ ವೋಲ್ಟೇಜ್ ಇರುವುದರಿಂದ, ಎಂಜಿನ್ ಓಡುವಾಗ ಅವುಗಳನ್ನು ಮುಟ್ಟುವುದು ಅಪಾಯಕಾರಿ.