ಹಿಡಿದು ಬಿಟ್ಟ ಮೀನಿನ ಲೆಕ್ಕ

ಶ್ರೀರಾಂಪುರದ ನಮ್ಮ ಮನೆ ನಲ್ಲಿಗೆ ಬರೋದು ನೂರು ಕಿಲೋಮೀಟರ್ ದೂರದ ಕಾವೇರಿ ನೀರು. ಅದೇ ಕಾವೇರಿ ಮುಂದೆ ಕಾಡಿನೊಳಗೆ ಹರಿದು ಭೀಮೇಶ್ವರಿ, ಗಾಳಿಬೋರೆ ದಾಟುತ್ತೆ. ಅಲ್ಲಿನ ರಾಜ ಯಾರು ಗೊತ್ತಾ? ಡುಬ್ಬದ ಮಹಶೀರ್ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ ತೂಗಿದ್ದು 120 ಪೌಂಡ್, ಅಂದ್ರೆ ಸುಮಾರು 54 ಕಿಲೋ!

ಇಂಗ್ಲೆಂಡಿನ ಸಣ್ಣ ಹೊಳೆಗಳಲ್ಲಿ ಟ್ರೌಟ್ ಮೀನಿಗೆ ಗರಿ, ದಾರ ಸುತ್ತಿದ ಸುಳ್ಳು ಹುಳ ಎಸೀತಾರೆ. ನಮ್ಮ ಕಾವೇರಿಯಲ್ಲಿ ಗಾಳಕ್ಕೆ ಸಿಕ್ಕಿಸುತ್ತಿದ್ದುದು ರಾಗಿ ಹಿಟ್ಟಿನ ಉಂಡೆ. ಆದ್ರೆ ಗಾಳಿಬೋರೆ ಕ್ಯಾಂಪಿನಲ್ಲಿ ಒಂದು ನಿಯಮ: ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಜೀವಂತವಾಗಿ ನೀರಿಗೆ ಬಿಡಬೇಕಿತ್ತು.

ಆ ಪುಸ್ತಕವೇ ಮುಂದೆ ಸಾಕ್ಷಿಯಾಯ್ತು. 1998ರಿಂದ 2012ರವರೆಗಿನ ಲೆಕ್ಕವನ್ನು ವಿಜ್ಞಾನಿಗಳು ತೆಗೆದು ನೋಡಿದರು. 6,000ಕ್ಕೂ ಹೆಚ್ಚು ಮೀನುಗಳ ದಾಖಲೆ. ಒಟ್ಟು ಮೀನು ಜಾಸ್ತಿಯಾಗಿತ್ತು. ಖುಷಿ ಪಡಬೇಕಲ್ವಾ? ಇಲ್ಲ. ಹೆಚ್ಚಿದ್ದು ನೀಲಿ ರೆಕ್ಕೆಯ ಬೇರೆ ಜಾತಿಯ ಮಹಶೀರ್. ಡುಬ್ಬದ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿತ್ತು.

ಈ ನೀಲಿ ರೆಕ್ಕೆಯ ಮೀನು ಕಾವೇರಿಯದಲ್ಲ. ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿ, ನದಿಗೆ ಒಳ್ಳೇದಾಗಲಿ ಅಂತಲೇ 1970ರ ದಶಕದಿಂದ ಇಲ್ಲಿಗೆ ತಂದು ಬಿಟ್ಟಿದ್ದರು. ಡೈನಮೈಟ್ ಸಿಡಿಸಿ ಮೀನು ಹಿಡಿಯೋರ ಕಾಟ, ಅಣೆಕಟ್ಟುಗಳ ಜೊತೆಗೆ ಈ ಒಳ್ಳೆಯ ಮನಸ್ಸೂ ಡುಬ್ಬದ ಮಹಶೀರ್‌ಗೆ ಮುಳುವಾಯ್ತು ಅನ್ನೋದು ಸಂಶೋಧಕರ ಅಭಿಪ್ರಾಯ.

ವನ್ಯಧಾಮದೊಳಗೆ ಗಾಳ ಹಾಕೋದೂ ಬೇಟೆಯೇ ಅನ್ನೋ ಕಾನೂನಿನ ವ್ಯಾಖ್ಯಾನ ಬಂದು, 2012ರ ಹೊತ್ತಿಗೆ ಕ್ಯಾಂಪುಗಳಲ್ಲಿ ಗಾಳ ನಿಂತಿತು. ಅದರ ಜೊತೆಗೇ ಆ ಲೆಕ್ಕವೂ ನಿಂತಿತು. ಡುಬ್ಬದ ಮಹಶೀರ್‌ಗೆ ಟಾರ್ ರೆಮಾದೇವಿ ಅನ್ನೋ ವೈಜ್ಞಾನಿಕ ಹೆಸರು ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರು ಸಿಗೋ ಹೊತ್ತಿಗೆ ಮೀನೇ ಅಪರೂಪವಾಗಿತ್ತು.

ಇದು ದೂರದ ಕಾಡಿನ ಕಥೆ ಅಂದ್ಕೋಬೇಡಿ. ಮನೆ ಬದಲಾಯಿಸುವಾಗ ಅಕ್ವೇರಿಯಂ ಮೀನನ್ನು ಎಲ್ಲಿ ಬಿಡೋದು ಅಂತ ಯೋಚಿಸಿ, ಪುಣ್ಯ ಬರುತ್ತೆ ಅಂತ ಸ್ಯಾಂಕಿ ಕೆರೆ ಕಡೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ. ಸಾಕುವ ಸ್ನೇಹಿತರಿಗೆ ಕೊಡಿ, ಇಲ್ಲಾ ಅಂಗಡಿಯವರಿಗೇ ವಾಪಸ್ ಕೊಡಿ. ನೀರಿಗೆ ಬಿಟ್ಟ ಮೀನನ್ನು ಮತ್ತೆ ವಾಪಸ್ ತರೋಕಾಗಲ್ಲ.